ಐದು ಸ್ವಾಮಿ, ಐದೇ ಐದು!

ನಿನ್ನೆ ರಾತ್ರಿ ಹನ್ನೊಂದೂವರೆಯಲ್ಲಿ ಟಿವಿ ಮುಂದೆ ಕೂತು, ಸೀರೀಸಿನ ಪತ್ತೇದಾರ ಮತ್ತೆ ತುಂಬದೇ ಹಾರಿಸ್ತಿದ್ದ ಗುಂಡುಗಳನ್ನ ಬೆರಳು ಮಡಚಿ ಎಣಿಸ್ತಾ ಇದ್ದೆ. ಏಳಕ್ಕೆ ಬಂದಾಗ ನಮ್ಮನೆಯವಳು "ಶುರುವಾಯ್ತಾ ನಿಮ್ದು?" ಅಂದಳು. ಕೊನೆಗೆ ನಿಂತದ್ದು ಹನ್ನೊಂದಕ್ಕೆ.

ಅರವತ್ತರ ದಶಕದ ನ್ಯೂಯಾರ್ಕ್, ಟೋಪಿ ಹಾಕಿದ ಪತ್ತೇದಾರ, ಕೋಟಿನೊಳಗಿಂದ ತೆಗೆದ ಗಿಡ್ಡ ರಿವಾಲ್ವರ್. ಕಾರು, ಟೆಲಿಫೋನು, ಕೋಟಿನ ಗುಂಡಿ ಎಲ್ಲ ಆ ಕಾಲದ್ದೇ. ಗುಂಡು ಮಾತ್ರ ಅರ್ಜುನನ ಅಕ್ಷಯ ಬತ್ತಳಿಕೆಯಿಂದ!

ಆ ರಿವಾಲ್ವರ್ ಸ್ಮಿತ್ ಅಂಡ್ ವೆಸನ್ ಕಂಪನಿಯ ಚೀಫ್ಸ್ ಸ್ಪೆಷಲ್. ನಾನು ಊಹಿಸಿದ್ದಲ್ಲ, ಕ್ಯಾಮೆರಾನೇ ಹತ್ತಿರ ಹೋಗಿ ತೋರಿಸಿತು. ಗುಂಡು ಕೂರೋ ಸಿಲಿಂಡರಿನಲ್ಲಿ ಐದು ತೂತು, ಅಂದರೆ ಐದೇ ಗುಂಡು, ಕಣ್ಣಿದ್ದವರಿಗೆ ಕಾಣುವಷ್ಟು ದೊಡ್ಡದಾಗಿ. 1950ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥರ ಸಮಾವೇಶ ನಡೆದಾಗ ಇದನ್ನು ಮೊದಲು ತೋರಿಸಿ, ಅಲ್ಲಿದ್ದವರ ಮತ ಕೇಳಿ ಇಟ್ಟ ಹೆಸರು ಅದು. 1957ರಿಂದ ಮಾಡೆಲ್ 36 ಅಂತಲೂ ಕರೆದರು. ಎರಡಿಂಚಿನ ನಳಿಗೆ, ಸುಮಾರು 550 ಗ್ರಾಂ ತೂಕ, .38 ಸ್ಪೆಷಲ್ ತೋಟಾ.

ಐದೇ ಯಾಕೆ? ಆರು ಕೂರಿಸಿದರೆ ಸಿಲಿಂಡರ್ ದಪ್ಪ ಆಗುತ್ತೆ, ಕೋಟಿನ ಮೇಲೆ ಉಬ್ಬು ಕಾಣುತ್ತೆ, ಬಚ್ಚಿಟ್ಟುಕೊಳ್ಳೋ ಆಸೆಗೇ ಕಲ್ಲು. ಐದರಲ್ಲಿ ಇನ್ನೊಂದು ಜಾಣತನವೂ ಇದೆ. ಸಿಲಿಂಡರನ್ನು ಹಿಡಿದು ನಿಲ್ಲಿಸೋ ಕಚ್ಚು ಎರಡು ತೂತುಗಳ ನಡುವಿನ ದಪ್ಪ ಉಕ್ಕಿನ ಮೇಲೆ ಬೀಳುತ್ತೆ, ತೂತಿನ ತೆಳು ಗೋಡೆ ಮೇಲಲ್ಲ. ಅಂದರೆ ಐದು ಅನ್ನೋದು ಜಿಪುಣತನ ಅಲ್ಲ ಕಣ್ರೀ, ಆ ರಿವಾಲ್ವರಿನ ಪ್ರಾಣ ಇರೋದೇ ಅದರಲ್ಲಿ. ಆರು ಬೇಕಿದ್ದರೆ ಪತ್ತೇದಾರನ ಕೈಗೆ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ ಕೊಡಬಹುದಿತ್ತು. 1927ರಿಂದ ಇದ್ದದ್ದು, ಹೆಸರಲ್ಲೇ ಪತ್ತೇದಾರ ಇದ್ದಾನೆ! ಆಗಲೂ ಹನ್ನೊಂದು ಆಗ್ತಿರಲಿಲ್ಲ ಬಿಡಿ.

"ಕಥೆ ನೋಡೋ ಮಾರಾಯ, ಗುಂಡು ಯಾಕೆ ಎಣಿಸ್ತೀಯ" ಅಂತ ಬೆಳಿಗ್ಗೆಯೇ ಒಬ್ಬ ಗೆಳೆಯ ಮೆಸೇಜ್ ಹಾಕಿದ. ಸರಿ, ಕಥೆಗೇ ಬರೋಣ. ನನ್ನ ಬಾವಮೈದುನ ಅಮೆರಿಕದಲ್ಲಿ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಇದೇ ರಿವಾಲ್ವರನ್ನ ಕೈಗೆ ಕೊಟ್ಟಿದ್ದ. ಏಳು ಗಜ ದೂರದ ಕಾಗದಕ್ಕೆ ಐದು ಹೊಡೆದೆ, ತಗುಲಿದ್ದು ಎರಡು. ಹಗುರ ರಿವಾಲ್ವರ್ ಅಂದರೆ ಒದೆತ ಹಗುರ ಅಲ್ಲ, ಹೆಬ್ಬೆರಳ ಬುಡ ಚುರುಚುರು ಅಂತಿತ್ತು. ಅದಕ್ಕಿಂತ ನೆನಪಿರೋದು ಆಮೇಲಿನದ್ದು. ಸಿಲಿಂಡರ್ ಎಡಕ್ಕೆ ಹೊರಳಿಸಿ ಮುಂದಿನ ಕಡ್ಡಿ ಒತ್ತಿದೆ. ನಳಿಗೆ ಗಿಡ್ಡ ಆದ್ದರಿಂದ ಕಡ್ಡಿಯೂ ಗಿಡ್ಡ, ಖಾಲಿ ತೋಟಾಗಳನ್ನ ಪೂರ್ತಿ ಹೊರಗೆ ತಳ್ಳಲ್ಲ. ನಾಲ್ಕು ಉದುರಿದವು. ಐದನೆಯದು ಅರ್ಧಕ್ಕೆ ನಿಂತಿತು, ಉಗುರಿನಿಂದ ಕಿತ್ತೆ, ಬೆರಳಿಗೆ ಬಿಸಿ ತಾಕಿತು. ಎದುರಿಗಿದ್ದದ್ದು ಬರೀ ಕಾಗದ, ಆದರೂ ಕೈ ನಡುಗಿತ್ತು. ನಿರ್ದೇಶಕ ಮಹಾಶಯರೇ, ಎದುರಿಗೆ ಕೊಲೆಗಾರ ಇದ್ದಿದ್ದರೆ? ಐದಕ್ಕೆ ನಿಲ್ಲಿಸಿದ್ದರೆ ಆ ದೃಶ್ಯ ನಿಮಗೆ ಪುಕ್ಕಟೆ ಸಿಕ್ತಿತ್ತು.

ಸಾಲದ್ದಕ್ಕೆ ಕೊನೆಯಲ್ಲಿ ಪತ್ತೇದಾರ ಆ ರಿವಾಲ್ವರಿಗೆ ಸೈಲೆನ್ಸರ್ ತಿರುಗಿಸಿದ! ಸಿಲಿಂಡರಿಗೂ ನಳಿಗೆಗೂ ನಡುವೆ ಸಂದಿ ಇರುತ್ತೆ, ಸದ್ದು ಅಲ್ಲಿಂದಲೇ ನುಗ್ಗುತ್ತೆ. ಆ ಸಂದಿ ಮುಚ್ಚೋ ರಷ್ಯಾದ ನಗಾನ್ ರಿವಾಲ್ವರಿನ ಮಾತು ಬೇರೆ. ಇದಕ್ಕೆ ಸೈಲೆನ್ಸರ್ ಹಾಕೋದು ಕಿಟಕಿ ತೆರೆದಿಟ್ಟು ಬಾಗಿಲಿಗೆ ಬೀಗ ಜಡಿದ ಹಾಗೆ.

ನ್ಯೂಯಾರ್ಕ್ ಪೊಲೀಸರು 1993ರಲ್ಲಿ ಒಂಬತ್ತು ಎಂಎಂ ಪಿಸ್ತೂಲಿಗೆ ಹೊರಳಿದ ಮೇಲೂ ಹಳಬರು ಕೆಲವರು ವರ್ಷಗಟ್ಟಲೆ ರಿವಾಲ್ವರ್ ಬಿಡಲಿಲ್ಲ. ಅವರ್ಯಾರಾದರೂ ಈ ಸೀರೀಸ್ ನೋಡಿದರೆ ಏನಂದುಕೊಳ್ಳಬೇಡ!

ಹೌದು, ನನ್ನ ಹಳೇ ಪತ್ತೇದಾರಿ ಕಥೆ ಓದಿದವರು ಈಗ ನಗ್ತಿರ್ತೀರಿ. ಒಪ್ಪಿಕೊಳ್ತೀನಿ. ನನ್ನ ನಾಯಕ ಚೀಫ್ಸ್ ಸ್ಪೆಷಲ್ಲಿನಿಂದ ಆರನೇ ಗುಂಡಿಗೇ ಖಳನನ್ನ ಕೊಂದಿದ್ದ. "ಆರನೆಯದು ಎಲ್ಲಿಂದ ಬಂತು ಸಾರ್?" ಅಂತ ಓದುಗರೊಬ್ಬರು ಕಾರ್ಡು ಬರೆದಿದ್ದರು. ಉತ್ತರ ಬರೆಯಲಿಲ್ಲ. ಆದರೂ ಒಂದೇ ಒಂದು ಜಾಸ್ತಿ ಸ್ವಾಮಿ, ಆರಲ್ಲ!

ಇವತ್ತು ರಾತ್ರಿ ಎರಡನೇ ಕಂತು. ಎಣಿಸೋಕೆ ತಾನೂ ಕೂರ್ತೀನಿ ಅಂದಿದ್ದಾಳೆ ನಮ್ಮನೆಯವಳು.