ಬೀದರಿನ ಸಾಹಿಬ್ ಸಿಂಗ್ ಮತ್ತು ನಮ್ಮ ಇನಿಷಿಯಲ್ಲು

ಚಂಡೀಗಢದಲ್ಲಿ ಹೊಸಬರಿಗೆ ಹೆಸರು ಹೇಳಿದರೆ ಮುಂದಿನ ಪ್ರಶ್ನೆ, "ಸರ್‌ನೇಮ್ ಏನು ಜೀ?" ಸರ್‌ನೇಮ್ ಇಲ್ಲ, ಇನಿಷಿಯಲ್ಲಿನ ಮೊದಲ ಅಕ್ಷರ ಊರು, ಎರಡನೆಯದು ಅಪ್ಪ ಅಂದರೆ ಅವರಿಗೆ ನಗು. ನಗಲಿ ಬಿಡಿ. ಆದರೆ ಹೆಸರಿನ ವಿಷಯದಲ್ಲಿ ಸಿಖ್ಖರು ನಮಗಿಂತ ಜಾಸ್ತಿ ಧೈರ್ಯ ಮಾಡಿದವರು ಅಂತ ನನ್ನ ಅನಿಸಿಕೆ.

ಮಗು ಹುಟ್ಟಿದರೆ ನಾವು ಪಂಚಾಂಗ ತೆಗೆಯುತ್ತೇವೆ. ಅಶ್ವಿನಿ ನಕ್ಷತ್ರವಾದರೆ ಚೂ, ಚೇ, ಚೋ, ಲಾ. ಅವರು ಗುರುದ್ವಾರಕ್ಕೆ ಹೋಗುತ್ತಾರೆ. ಗ್ರಂಥಿಗಳು, ಅಂದರೆ ಅಲ್ಲಿ ಗ್ರಂಥ ಓದುವವರು, ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬನ್ನು ತೆರೆಯುತ್ತಾರೆ. 1430 ಪುಟಗಳಲ್ಲಿ ಯಾವುದು ಬೇಕಾದರೂ ಬರಬಹುದು. ಎಡಗಡೆ ಪುಟದಲ್ಲಿ ಬಂದ ಪದ್ಯ, ಅಂದರೆ ಶಬದ್‌ನ ಮೊದಲ ಅಕ್ಷರದಿಂದಲೇ ಮಗುವಿನ ಹೆಸರು. ಇದು ಹುಕಮ್, ಅಂದರೆ ಗುರುವಿನ ಆಜ್ಞೆ. ಹುಟ್ಟಿದ ಗಳಿಗೆ, ರಾಶಿ, ಯಾವುದೂ ಲೆಕ್ಕಕ್ಕಿಲ್ಲ.

ಗುರ್‌ಪ್ರೀತ್ ಅಂದರೆ ಗುರುವಿನ ಮೇಲಿನ ಪ್ರೀತಿ, ಮನ್‌ಜೀತ್ ಅಂದರೆ ಮನಸ್ಸನ್ನು ಗೆದ್ದವರು. ಗಂಡಿಗೂ ಅದೇ, ಹೆಣ್ಣಿಗೂ ಅದೇ. ಹಾಕಿ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್, ಕ್ರಿಕೆಟ್ ತಂಡದ ನಾಯಕಿ ಹರ್ಮನ್‌ಪ್ರೀತ್ ಕೌರ್. ನಮ್ಮಲ್ಲಿ ಹುಡುಗನಿಗೆ ಹುಡುಗಿ ಹೆಸರಿಟ್ಟರೆ ಶಾಲೆ ಮುಗಿಯುವ ತನಕ ರೇಗಿಸುತ್ತಾರೆ. ಗೊಂದಲ ಅವರಿಗೂ ಇದೆ ಅನ್ನಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಹೋದ ನಮ್ಮ ಹಾಕಿ ತಂಡದಲ್ಲಿ ಮೂವರು ಬಲ್‌ಬೀರ್ ಸಿಂಗ್‌ಗಳಿದ್ದರು. ಕಾಮೆಂಟರಿಯವರ ಪಾಡು ದೇವರಿಗೇ ಪ್ರೀತಿ.

ಧೈರ್ಯ ಅಂದಿದ್ದು 1699ರ ವೈಶಾಖಿಗೆ. ಅಂದು ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದರು ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಪಂಥ, ಕಟ್ಟಿದರು. ಗುರುಗಳು ಕೇಳಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರು ನಮ್ಮ ಬೀದರಿನವರು. ಸಿಖ್ಖರ ಪರಂಪರೆ ಹೇಳುವಂತೆ ಕ್ಷೌರಿಕರ ಮನೆಯ ಸಾಹಿಬ್ ಚಂದ್. ಅಂದಿನಿಂದ ಅವರು ಭಾಯಿ ಸಾಹಿಬ್ ಸಿಂಗ್. ಖತ್ರಿಯೂ ಸಿಂಗ್, ಜಾಟನೂ ಸಿಂಗ್, ನೀರು ಹೊರುವವನೂ ಸಿಂಗ್. ಗೋಬಿಂದ ರಾಯ್ ಆಗಿದ್ದ ಗುರುಗಳೂ ಐವರು ಕುಡಿದ ದೀಕ್ಷೆಯ ಅಮೃತವನ್ನೇ ಕುಡಿದು ಸಿಂಗ್ ಆದರು.

ಅದೇ ಬೀದರ್ ಜಿಲ್ಲೆಯಲ್ಲೇ ಬಸವಕಲ್ಯಾಣವೂ ಇದೆ, ಅಲ್ವಾ? ಹನ್ನೆರಡನೇ ಶತಮಾನದ ಶರಣರು ಬೇರೆ ದಾರಿ ಹಿಡಿದರು. ಕಸುಬನ್ನು ಅಳಿಸಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಹೀಗೆ ಕಸುಬು ಹಾಗೇ ಇಟ್ಟು ಅಯ್ಯ, ಅಣ್ಣ ಅಂತ ಗೌರವ ಸೇರಿಸಿದರು. ನನಗೆ ಶರಣರ ದಾರಿಯೇ ಚಂದ ಕಾಣುತ್ತದೆ. ಆದರೆ ಬಾಡಿಗೆ ಮನೆ ಹುಡುಕುವಾಗ ಕೆಲಸಕ್ಕೆ ಬರುವುದು ಸಿಖ್ಖರ ದಾರಿ. ಜಾತಿ ಗೊತ್ತಾಗದ ಹೆಸರಿನ ಬೆಲೆ ಆಗ ತಿಳಿಯುತ್ತದೆ.

ಹಾಗಂತ ಪಂಜಾಬಿನಲ್ಲಿ ಜಾತಿ ಹೋಯಿತೇ? ಎಲ್ಲಿ ಹೋಗುತ್ತೆ. ಸಿಂಗ್ ಪಕ್ಕದಲ್ಲೇ ಗಿಲ್, ಸಂಧು, ಧಿಲ್ಲೋನ್ ಬಂದು ಕೂತಿವೆ. ಕೇಳಿದ ತಕ್ಷಣ ಜಾಟ್ ಅಂತ ಗೊತ್ತಾಗುತ್ತದೆ. ಸಾಲದ್ದಕ್ಕೆ ಕೆನಡಾ ವಲಸೆ ಇಲಾಖೆ ಸಿಂಗ್, ಕೌರ್ ಸಾಲದು, ಬೇರೆ ಸರ್‌ನೇಮ್ ತನ್ನಿ ಅನ್ನುತ್ತಿತ್ತು. ಜನ ಸಿಟ್ಟಾದ ಮೇಲೆ 2007ರಲ್ಲಿ ಅದನ್ನು ಕೈಬಿಟ್ಟರು. ಇನ್ನು ಕೆಲವರು ನಮ್ಮ ಹಾಗೆ ಊರಿನ ಹೆಸರು ಹಿಡಿದರು. ಪ್ರಕಾಶ್ ಸಿಂಗ್ ಬಾದಲ್ ಅವರದು ಬಾದಲ್ ಗ್ರಾಮ, ದೇವೇಗೌಡರ ಎಚ್‌ ಹರದನಹಳ್ಳಿ.

ನನಗೆ ಹೊಟ್ಟೆಕಿಚ್ಚು ಬರುವುದು ಮಾತ್ರ ಸಿಖ್ ಹೆಣ್ಣುಮಕ್ಕಳ ಹೆಸರಿನ ಕೌರ್ ನೋಡಿದಾಗ. ಅದು ಅಪ್ಪನದೂ ಅಲ್ಲ, ಗಂಡನದೂ ಅಲ್ಲ, ಅವಳದೇ. ಮದುವೆಯಾದರೂ ಕೌರ್ ಕೌರೇ. ಕೆಲವರು ಗಂಡನ ಮನೆತನದ ಹೆಸರನ್ನೂ ಅಂಟಿಸಿಕೊಳ್ಳುತ್ತಾರೆ, ಅದು ಬೇರೆ ಮಾತು. ನಮ್ಮ ಹುಡುಗಿಯರಿಗೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಎರಡೂ ಒಬ್ಬಳೇ ಅಂತ ಅಫಿಡವಿಟ್ಟು ಬೇರೆ. ಇಷ್ಟೆಲ್ಲದರ ನಡುವೆ ಹೆತ್ತವಳ ಹೆಸರಿಗೆ ಸಾಮಾನ್ಯವಾಗಿ ಒಂದಕ್ಷರದ ಜಾಗವೂ ಇಲ್ಲ. ಸುಮ್ನೆ ಅವರನ್ನು ನೋಡಿ ಹೊಗಳುವ ಬದಲು, ಮಗಳಿಗೆ ಅಮ್ಮನ ಇನಿಷಿಯಲ್ ಕೊಡುವುದರಿಂದ ನಾವು ಶುರು ಮಾಡಬಹುದು.