ಬೋಟು ಎಲ್ಲಿದೆ ಎಂಬುದು ಯಾರಿಗೆ ತಿಳಿಯಬೇಕು?

"ನಾವು ಬಲೆ ಬಿಡುವ ಜಾಗ ಯಾರ ಯಾರ ಕಣ್ಣಿಗೆ ಬೀಳುತ್ತದೆ ಎಂದು ಮೊದಲು ಹೇಳಿ. ಟ್ರಾನ್ಸ್‌ಪಾಂಡರ್ ವಿಷಯ ಆಮೇಲೆ ಮಾತನಾಡೋಣ."

ಮಲ್ಪೆ ಬಂದರಿನಲ್ಲಿ ಬೋಟು ನಡೆಸುವ ಹಿರಿಯ ತಾಂಡೇಲರೊಬ್ಬರು ತುಳುವಿನಲ್ಲಿ ಹೇಳಿದ ಮಾತಿದು. ಇದನ್ನು ಹಟಮಾರಿತನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೋಟು ಇರುವ ಜಾಗವನ್ನು ಉಪಗ್ರಹದ ಮೂಲಕ ದಡಕ್ಕೆ ತಿಳಿಸುವ ಟ್ರಾನ್ಸ್‌ಪಾಂಡರ್ ಪೆಟ್ಟಿಗೆ ಪ್ರತಿ ಬೋಟಿಗೂ ಬೇಕೇ ಬೇಕು ಎನ್ನುವವನು ನಾನು. ಆದರೆ ಅವರ ಪ್ರಶ್ನೆಗೆ ಲಿಖಿತ ಉತ್ತರ ಕೊಡದೆ ಪೆಟ್ಟಿಗೆಯನ್ನು ಮಾತ್ರ ಕೊಟ್ಟರೆ ಅದು ಕ್ಯಾಬಿನ್ನಿನ ಮೂಲೆಯಲ್ಲಿ ಆಫ್ ಆಗಿಯೇ ಉಳಿಯುತ್ತದೆ.

ಬೋಟಿನಲ್ಲಿ ಜಿಪಿಎಸ್ ಇದೆಯಲ್ಲ, ಮತ್ತೇಕೆ ಇದು ಎಂದು ಊರಿನಲ್ಲಿ ಬಹಳ ಜನ ಕೇಳುತ್ತಾರೆ. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಹಿಡಿಯುತ್ತದೆ, ಅಷ್ಟೇ. ತಾನೆಲ್ಲಿದ್ದೇನೆ ಎಂದು ಬೋಟಿಗೆ ತಿಳಿಯುತ್ತದೆ, ದಡಕ್ಕೆ ತಿಳಿಯುವುದಿಲ್ಲ. ಮೊಬೈಲ್ ಸಿಗ್ನಲ್ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೋಗಿಬಿಡುತ್ತದೆ. ವಯರ್‌ಲೆಸ್ ಅದಕ್ಕಿಂತ ದೂರ ಮುಟ್ಟಿದರೂ ಭೂಮಿಯ ಬಾಗನ್ನು ಮೀರಿ ಹೆಚ್ಚು ಸಾಗದು. ಆಳಸಮುದ್ರಕ್ಕೆ ಹೋದ ಬೋಟಿನ ಸುದ್ದಿ ಅಕ್ಕಪಕ್ಕದ ಬೋಟಿನವರ ಬಾಯಿಂದಲೇ ಬರಬೇಕು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 15ರ ರಾತ್ರಿಯ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿ ಏಳು ಮಂದಿ ಇದ್ದರು. ಜನವರಿಯಲ್ಲಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದು ಕೇಳಿದ್ದು ಒಂದೇ ಮಾತು: ನಮ್ಮವರು ಎಲ್ಲಿ? ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ, ಸುಮಾರು 60 ಮೀಟರ್ ಆಳದಲ್ಲಿ ಅವಶೇಷವನ್ನು ಪತ್ತೆಹಚ್ಚುವಾಗ 2019ರ ಮೇ ಬಂದಿತ್ತು. ನಾಲ್ಕೂವರೆ ತಿಂಗಳು ಏಳು ಮನೆಗಳಲ್ಲಿ ಅಳುವುದೋ ಕಾಯುವುದೋ ಎಂದೇ ತಿಳಿಯಲಿಲ್ಲ.

ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 8 ನಾಟಿಕಲ್ ಮೈಲು ಓಡುವ ಬೋಟು ಕೊನೆಯ ಬಾರಿ ಕಂಡು ಒಂದು ಗಂಟೆಯಾಗಿದ್ದರೆ ಅದು ಸುಮಾರು 200 ಚದರ ನಾಟಿಕಲ್ ಮೈಲಿನ ವೃತ್ತದೊಳಗೆ ಎಲ್ಲಾದರೂ ಇರಬಹುದು. ಹನ್ನೆರಡು ಗಂಟೆಯಾಗಿದ್ದರೆ ಆ ವೃತ್ತ ಹನ್ನೆರಡು ಪಟ್ಟಲ್ಲ, 144 ಪಟ್ಟು ಹಿಗ್ಗುತ್ತದೆ: ಸುಮಾರು 29 ಸಾವಿರ ಚದರ ನಾಟಿಕಲ್ ಮೈಲು. ಎಷ್ಟು ಹೆಲಿಕಾಪ್ಟರ್ ಕಳುಹಿಸಿದರೆ ಸಾಕಾದೀತು? ಬೋಟು ತಾನಿರುವ ಜಾಗವನ್ನು ಆಗಾಗ ಉಪಗ್ರಹದ ಮೂಲಕ ದಡಕ್ಕೆ ತಿಳಿಸುತ್ತಿದ್ದರೆ, ಸದ್ದಡಗಿದ ಮೇಲೂ ಹುಡುಕಾಟವನ್ನು ಎಲ್ಲಿಂದ ಶುರುಮಾಡಬೇಕು ಎಂಬುದು ಗೊತ್ತಿರುತ್ತದೆ.

ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಕೇಂದ್ರದ ಯೋಜನೆ 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಇದರಲ್ಲಿ ಸಂದೇಶ ಎರಡೂ ಕಡೆಗೆ ಹೋಗುತ್ತದೆ. ಹವಾಮಾನದ ಎಚ್ಚರಿಕೆ ಬೋಟಿಗೆ ಬರುತ್ತದೆ, ಅಪಾಯದ ಕರೆ ದಡಕ್ಕೆ ಹೋಗುತ್ತದೆ. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ.

ಆದರೆ ಗುಂಡಿ ಒತ್ತಲು ಯಾರಿಗೂ ಪುರುಸೊತ್ತು ಸಿಗದ ಹಾಗೆ ಬೋಟು ಮುಳುಗುವುದೂ ಉಂಟು. ಅದಕ್ಕೆಂದೇ ಇಪಿಐಆರ್‌ಬಿ ಎಂಬ ಸಾಧನವಿದೆ. ಅದನ್ನು ತಾನಾಗಿ ಬಿಡುಗಡೆಯಾಗುವ ಗೂಡಿನಲ್ಲಿ ಇಟ್ಟಿದ್ದರೆ, ಬೋಟು ಕೆಲವು ಮೀಟರ್ ಮುಳುಗುತ್ತಲೇ ನೀರಿನ ಒತ್ತಡಕ್ಕೆ ಕೊಂಡಿ ಕಳಚಿ ಮೇಲಕ್ಕೆ ತೇಲಿ ಬರುತ್ತದೆ. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಹಾಕುತ್ತದೆ. ಆ ಕರೆ ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರಕ್ಕೆ, ಅಲ್ಲಿಂದ ಕರಾವಳಿ ಕಾವಲು ಪಡೆಗೆ ತಲುಪುತ್ತದೆ. ಜೊತೆಗೆ 121.5 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ಸಣ್ಣ ಸಂಕೇತ ಹೊರಡುತ್ತಿರುತ್ತದೆ. ಹತ್ತಿರ ಬಂದ ಹೆಲಿಕಾಪ್ಟರ್, ಕತ್ತಲಿರಲಿ ಮಳೆಯಿರಲಿ, ಆ ಸಂಕೇತ ಬರುವ ದಿಕ್ಕಿಗೇ ಮೂತಿ ತಿರುಗಿಸಿಕೊಂಡು ನೇರವಾಗಿ ಬರುತ್ತದೆ. ಇಂಥದ್ದೊಂದನ್ನು ಪ್ರತಿ ಆಳಸಮುದ್ರ ಬೋಟಿಗೂ ಸಬ್ಸಿಡಿಯಲ್ಲಿ ಕೊಡಬೇಕು.

ಇನ್ನು ತಾಂಡೇಲರ ಪ್ರಶ್ನೆ. ಮೀನು ಸಿಗುವ ಜಾಗವೇ ಅವರ ಆಸ್ತಿ. ವರ್ಷಗಟ್ಟಲೆ ಅಲೆದು, ಡೀಸೆಲ್ ಸುಟ್ಟು ಗುರುತಿಟ್ಟುಕೊಂಡದ್ದು. ಅದು ಬೇರೆಯವರಿಗೆ ಸೋರಿದರೆ ನಷ್ಟ ತುಂಬಿಕೊಡುವವರು ಯಾರು? ಗೋವಾ, ಮಹಾರಾಷ್ಟ್ರ ಸರ್ಕಾರಗಳ ಅಧಿಕಾರವಿರುವ 12 ನಾಟಿಕಲ್ ಮೈಲಿನ ಗಡಿಯ ಅಂಚಿನಲ್ಲಿ ಗಾಳಿಗೋ ನೀರಿನ ಸೆಳೆತಕ್ಕೋ ಸಿಕ್ಕಿ ಬೋಟು ಚೂರು ಒಳಗೆ ಸರಿದರೆ ಅದೇ ದಂಡಕ್ಕೆ ಸಾಕ್ಷಿಯಾದೀತೇ? ಸಮುದ್ರದಲ್ಲಿ ಬೋಟುಗಳ ಮೇಲೆ ಕಣ್ಣಿಡುವ ಮಾತು ಜೋರಾದದ್ದು 2008ರಲ್ಲಿ, ಪೋರಬಂದರಿನ ಕುಬೇರ್ ಬೋಟನ್ನು ಅಪಹರಿಸಿ ಮುಂಬಯಿ ದಾಳಿಗೆ ಬಳಸಿದ ಮೇಲೆ. ಭದ್ರತೆಯ ಆತಂಕ ನ್ಯಾಯವಾದದ್ದೇ. ಆದರೆ ಆ ದಾಳಿಯಲ್ಲಿ ಕುಬೇರ್‌ನ ಮೀನುಗಾರರೂ ಕೊಲೆಯಾದರು. ಮೀನುಗಾರನನ್ನು ಸಂಶಯದಿಂದ ನೋಡುವ ಕಣ್ಣು ಬೇಡ, ಕಾಯುವ ಕಣ್ಣು ಬೇಕು.

ಆದ್ದರಿಂದ ಸರ್ಕಾರ ನಿಯಮ ಬರೆದು ಪ್ರಕಟಿಸಲಿ. ಬೋಟಿನ ಜಾಡು ಮಾಲೀಕರದ್ದು. ಅಪಾಯದ ಕರೆ ಬಂದಾಗ, ಹೇಳಿದ ದಿನಕ್ಕೆ ಬೋಟು ಮರಳದಿದ್ದಾಗ ಅಥವಾ ನ್ಯಾಯಾಲಯ ಕೇಳಿದಾಗ ಮಾತ್ರ ಅಧಿಕಾರಿಗಳು ಅದನ್ನು ತೆರೆಯಬಹುದು ಎಂದಿರಲಿ. ಬೋಟು ಕ್ಷೇಮವಾಗಿದೆ ಎಂಬಷ್ಟು ಸುದ್ದಿ ಬೋಟಿನಲ್ಲಿರುವ ಎಲ್ಲರ ಮನೆಗೂ ತಲುಪಲಿ, ಮಾಲೀಕರ ಮನೆಗೆ ಮಾತ್ರವಲ್ಲ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಹಗಲಿರುಳು ಪರದೆಯ ಮುಂದೆ ತುಳು, ಕನ್ನಡ, ಕೊಂಕಣಿ ಬಲ್ಲವರು ಕುಳಿತಿರಲಿ. ನಡುರಾತ್ರಿ ಅಪಾಯದಲ್ಲಿರುವವನು ಹಿಂದಿ ಹುಡುಕುತ್ತಾ ಕೂರಲಾಗದು.

ಜೂನ್, ಜುಲೈ ರಜೆಯಲ್ಲಿ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ಅಳವಡಿಸಲು, ಕಲಿಸಲು, ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಮೀನುಗಾರರ ಸಂಘಗಳವರು ಈ ನಿಯಮಗಳ ಬೇಡಿಕೆಯನ್ನು ಈಗಲೇ ಶಾಸಕರ ಮುಂದಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಇದನ್ನು ಓದುತ್ತಿರುವ ಬೋಟಿನ ಮನೆಯವರು ಕರಾವಳಿ ಕಾವಲು ಪಡೆಯ 1554 ಸಂಖ್ಯೆಯನ್ನು ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ಬೋಟು ಹೊರಟ ದಿನ, ಅದರ ನೋಂದಣಿ ಸಂಖ್ಯೆ, ಬಣ್ಣ, ಅದರಲ್ಲಿರುವವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕರೆ ಮಾಡಿದಾಗ ಅವರು ಮೊದಲು ಕೇಳುವುದು ಇದನ್ನೇ.