ಸ್ಪಷ್ಟನೆ: ಎಐ ತಪ್ಪು ಮಾಡಿದರೆ ಯಾರೂ ಹೊಣೆಯಲ್ಲವೇ?

‘ಎಐ ತಪ್ಪು ಮಾಡಿದರೆ ಕಾನೂನಿನಲ್ಲಿ ಯಾರೂ ಹೊಣೆಯಲ್ಲ’ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ಸರಿಯಲ್ಲ.

ಏರ್ ಕೆನಡಾ ಎಂಬ ವಿಮಾನ ಕಂಪನಿಯ ಚಾಟ್‌ಬಾಟ್ (ಗ್ರಾಹಕರ ಪ್ರಶ್ನೆಗೆ ಉತ್ತರಿಸುವ ಸಾಫ್ಟ್‌ವೇರ್), ಅಜ್ಜಿ ತೀರಿಕೊಂಡ ಪ್ರಯಾಣಿಕರೊಬ್ಬರಿಗೆ ಈಗ ಟಿಕೆಟ್ ತಗೊಂಡು, ಮನೆಯವರು ತೀರಿಕೊಂಡಾಗ ಸಿಗುವ ರಿಯಾಯಿತಿಗೆ ಆಮೇಲೆ 90 ದಿನದೊಳಗೆ ಅರ್ಜಿ ಹಾಕಬಹುದು ಎಂದಿತ್ತು. ಕಂಪನಿಯ ನಿಯಮದಲ್ಲಿ ಹಾಗಿರಲಿಲ್ಲ. ಕೇಳಿದರೆ, ಚಾಟ್‌ಬಾಟ್ ಮಾತಿಗೆ ಚಾಟ್‌ಬಾಟೇ ಹೊಣೆ ಎಂದು ಕಂಪನಿಯ ವಾದ! ಸಾಫ್ಟ್‌ವೇರಿಗೆ ನೋಟಿಸ್ ಕೊಡುವುದು ಹೇಗಪ್ಪಾ? ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರಲ್ಲಿ ಇದನ್ನು ಒಪ್ಪದೆ, ಕಂಪನಿಯಿಂದಲೇ ಸುಮಾರು 812 ಕೆನಡಾ ಡಾಲರ್ ಕೊಡಿಸಿತು.

ಹಾಗಂತ ಎಲ್ಲವೂ ಸಲೀಸಲ್ಲ. ತಾನೇ ಕಲಿಯುವ ಸಾಫ್ಟ್‌ವೇರ್ ಎಲ್ಲಿ ಎಡವಿತು ಅಂತ ಸಾಬೀತು ಮಾಡುವುದು ಕಷ್ಟ. ಅದಕ್ಕೇ ಯುರೋಪಿಯನ್ ಒಕ್ಕೂಟ 2024ರಲ್ಲಿ ಉತ್ಪನ್ನ ಹೊಣೆಗಾರಿಕೆ ನಿಯಮ (ದೋಷವಿರುವ ವಸ್ತುವಿನಿಂದ ಹಾನಿಯಾದರೆ ತಯಾರಕರೇ ಹೊಣೆ ಎನ್ನುವ ನಿಯಮ) ಬದಲಿಸಿ, ಸಾಫ್ಟ್‌ವೇರನ್ನೂ ಅದರಡಿ ತಂದಿತು. ಜಾರಿಗೆ ಸದಸ್ಯ ದೇಶಗಳಿಗಿರುವ ಗಡುವು 2026ರ ಡಿಸೆಂಬರ್.